ಕಾರಿನ ಎಸಿ ತಂಪು ಬಿಡ್ತಿಲ್ವಾ? ಗ್ಯಾಸ್ ಹಾಕಿಸುವ ಮುನ್ನ ಇಷ್ಟು ನೋಡಿ

ರಾಯಚೂರು, ಕಲಬುರಗಿ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ಇದೇ ಹೊತ್ತಿಗೆ ಕಾರಿನ ಎಸಿ ಕೈಕೊಡುತ್ತದೆ. ಗ್ಯಾರೇಜಿಗೆ ಹೋದರೆ ಬಹಳ ಸಲ ಸಿಗುವ ಉತ್ತರ ಒಂದೇ: "ಗ್ಯಾಸ್ ಖಾಲಿ ಆಗಿದೆ, ಹಾಕಿಸಿಬಿಡಿ." ಹಾಕಿಸಿದ ಮೇಲೆ ಒಂದೆರಡು ತಿಂಗಳು ತಂಪು, ಮತ್ತೆ ಅದೇ ಕಥೆ.

ಮೊದಲು ತಿಳಿಯಬೇಕಾದ್ದು, ಎಸಿ ಗ್ಯಾಸ್ ಪೆಟ್ರೋಲ್ ಥರ ಉರಿದು ಖರ್ಚಾಗುವ ವಸ್ತು ಅಲ್ಲ. ಅದು ಪೈಪಿನೊಳಗೇ ಸುತ್ತುತ್ತಿರುತ್ತದೆ. ವರ್ಷಗಳು ಕಳೆದಂತೆ ರಬ್ಬರ್ ಪೈಪಿನಿಂದ ಸ್ವಲ್ಪ ಸೋರಬಹುದು. ಆದರೆ ಒಂದೇ ಬೇಸಿಗೆಯಲ್ಲಿ ಖಾಲಿಯಾಯಿತು ಅಂದ್ರೆ ಎಲ್ಲೋ ಲೀಕ್ ಇದೆ ಎಂದೇ ಅರ್ಥ. ಲೀಕ್ ಹುಡುಕದೆ ಗ್ಯಾಸ್ ಹಾಕಿಸುವುದು ತೂತು ಕೊಡಕ್ಕೆ ನೀರು ತುಂಬಿದ ಹಾಗೆ.

ಮನೆ ಮುಂದೆಯೇ ನೋಡಬಹುದಾದ್ದು

ಗಾಳಿಯೇ ಕಮ್ಮಿ ಬರ್ತಿದೆಯಾ? ಗಾಳಿ ಬರ್ತಿದೆ, ತಂಪಿಲ್ಲವಾ? ಇವೆರಡೂ ಬೇರೆ ಬೇರೆ ತೊಂದರೆ.

ಗಾಳಿ ಕಮ್ಮಿ ಇದ್ದರೆ ಮೊದಲು ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಬಹಳಷ್ಟು ಕಾರುಗಳಲ್ಲಿ ಇದು ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಕಪ್ಪು ಮಣ್ಣಿನ ದೂಳು, ಹತ್ತಿಯ ಎಳೆ ತುಂಬಿ ಕಟ್ಟಿಕೊಂಡಿದ್ದರೆ ಬದಲಿಸಿ. ಬ್ಲೋವರ್ ದೊಡ್ಡ ಸ್ಪೀಡಿನಲ್ಲಿ ಮಾತ್ರ ತಿರುಗಿ, ಸಣ್ಣ ಸ್ಪೀಡುಗಳಲ್ಲಿ ನಿಂತುಹೋದರೆ ಸಾಮಾನ್ಯವಾಗಿ ಬ್ಲೋವರ್ ರೆಸಿಸ್ಟರ್ ಹೋಗಿರುತ್ತದೆ. ಇದಕ್ಕೂ ಗ್ಯಾಸಿಗೂ ಸಂಬಂಧವಿಲ್ಲ.

ಕಾರು ಓಡುವಾಗ ತಂಪು, ಸಿಗ್ನಲ್‌ನಲ್ಲಿ ನಿಂತಾಗ ಬಿಸಿಗಾಳಿ ಬಂದರೆ ಮುಂದಿನ ಕಂಡೆನ್ಸರ್ ಫ್ಯಾನ್ ತಿರುಗ್ತಿದೆಯಾ ನೋಡಿ. ಫ್ಯಾನ್ ತಾನಾಗಿಯೇ ಶುರುವಾಗಬಹುದು, ಕೈ ದೂರ ಇರಲಿ. ಫ್ಯಾನ್ ಸರಿಯಿದ್ದರೆ ಕಂಡೆನ್ಸರ್ ಜಾಲಿಯಲ್ಲಿ ಹುಳ, ಕೆಸರು ಕೂತಿರಬಹುದು. ಇಂಜಿನ್ ಆರಿದ ಮೇಲೆ ಸಾದಾ ನೀರು ಬಿಟ್ಟು ತೊಳೆಯಿರಿ. ಪ್ರೆಶರ್ ವಾಷರ್ ಹತ್ತಿರದಿಂದ ಹಿಡಿದರೆ ಸೂಕ್ಷ್ಮ ಹಾಳೆಗಳು ಮಡಚಿಕೊಳ್ಳುತ್ತವೆ.

ಎಸಿ ಬಟನ್ ಒತ್ತಿದಾಗ "ಟಕ್" ಎಂದು ಕಂಪ್ರೆಸರ್ ಕ್ಲಚ್ ಹಿಡಿಯುವ ಸದ್ದು ಬರಬೇಕು. ಬರದಿದ್ದರೆ ಫ್ಯೂಸ್, ರಿಲೇ ನೋಡಿಸಿ. ಗ್ಯಾಸ್ ತೀರಾ ಕಡಿಮೆಯಾದಾಗಲೂ ಪ್ರೆಶರ್ ಸ್ವಿಚ್ ಕಂಪ್ರೆಸರನ್ನು ತಡೆಯುತ್ತದೆ. ಈ ಸ್ವಿಚ್‌ಗೆ ವೈರ್ ಹಾಕಿ "ಡೈರೆಕ್ಟ್" ಕೊಡಿಸಲೇಬೇಡಿ. ಕಂಪ್ರೆಸರಿಗೆ ಆಯಿಲ್ ಸಿಗುವುದು ಗ್ಯಾಸಿನ ಜೊತೆಗೇ. ಗ್ಯಾಸ್ ಇಲ್ಲದೆ ತಿರುಗಿದರೆ ಅದು ಜಾಮ್ ಆಗುತ್ತದೆ. ಕ್ಲಚ್ಚೇ ಇಲ್ಲದ ಕಂಪ್ರೆಸರ್ ಇರುವ ಕಾರುಗಳೂ ಇವೆ. ಅವುಗಳಲ್ಲಿ ಈ ಸದ್ದು ಬರುವುದಿಲ್ಲ.

ಶುರುವಿನಲ್ಲಿ ಚೆನ್ನಾಗಿ ತಂಪು, ಅರ್ಧ ಗಂಟೆ ಆದ ಮೇಲೆ ಗಾಳಿಯೇ ಕಮ್ಮಿ ಆದರೆ ಕೂಲಿಂಗ್ ಕಾಯಿಲ್ ಮೇಲೆ ಮಂಜು ಕಟ್ಟುತ್ತಿರಬಹುದು. ಎಸಿ ಆಫ್ ಮಾಡಿ ಬ್ಲೋವರ್ ಮಾತ್ರ ಬಿಡಿ. ಸ್ವಲ್ಪ ಹೊತ್ತಿಗೆ ಗಾಳಿ ಸರಿಯಾದರೆ ಕಾರಣ ಅದೇ.

ನೀರು ಮತ್ತು ವಾಸನೆ

ಕಾರಿನ ಕೆಳಗೆ ನೀರು ತೊಟ್ಟಿಕ್ಕುವುದು ತೊಂದರೆಯಲ್ಲ, ಒಳ್ಳೆಯದೇ. ಅದೇ ನೀರು ಒಳಗೆ ಮ್ಯಾಟ್ ಮೇಲೆ ಬಂದರೆ ಡ್ರೈನ್ ಪೈಪ್ ಕಟ್ಟಿದೆ. ಮ್ಯಾಟ್ ಮೇಲಿನ ನೀರು ಅಂಟಂಟಾಗಿ, ಸಿಹಿ ವಾಸನೆ ಬರ್ತಿದ್ದರೆ ಅದು ಎಸಿ ನೀರಲ್ಲ, ಹೀಟರ್ ಕಡೆಯಿಂದ ಸೋರುವ ಕೂಲಂಟ್. ತಡಮಾಡದೆ ತೋರಿಸಿ, ಕೂಲಂಟ್ ಇಳಿದರೆ ಇಂಜಿನ್ನೇ ಬಿಸಿಯಾಗುತ್ತದೆ. ಮುಗ್ಗಲು ವಾಸನೆಗೆ ಕಾರಣ ಕೂಲಿಂಗ್ ಕಾಯಿಲ್ ಮೇಲಿನ ಬೂಷ್ಟು. ಊರು ಸೇರುವ ನಾಲ್ಕೈದು ನಿಮಿಷ ಮುಂಚೆ ಎಸಿ ಆರಿಸಿ ಬ್ಲೋವರ್ ಓಡಿಸಿದರೆ ಕಾಯಿಲ್ ಒಣಗುತ್ತದೆ.

ಗ್ಯಾರೇಜಿನಲ್ಲಿ ಏನು ಕೇಳಬೇಕು

ಲೀಕ್ ಎಲ್ಲಿದೆ ಎಂದು ತೋರಿಸಲು ಕೇಳಿ. ಜಾಯಿಂಟಿನ ಬಳಿ ಎಣ್ಣೆ ಜಿಡ್ಡಿನ ಮೇಲೆ ದೂಳು ಮೆತ್ತಿದ್ದರೆ ಅದೇ ಮೊದಲ ಗುರುತು. ನೈಟ್ರೋಜನ್ ತುಂಬಿ ಸೋಪಿನ ನೀರು ಹಚ್ಚಿ, ಇಲ್ಲವೇ ಯುವಿ ಡೈ ಹಾಕಿ ಲೀಕ್ ಹಿಡಿಯುತ್ತಾರೆ. ಕೆಲವು ಸಲ ಸಣ್ಣದೊಂದು ಓ-ರಿಂಗ್ ಬದಲಿಸಿದರೆ ಕೆಲಸ ಮುಗಿಯುತ್ತದೆ.

ಪೈಪ್ ಬಿಚ್ಚಿದ ಮೇಲೆ ವ್ಯಾಕ್ಯೂಮ್ ಎಳೆಯಲೇಬೇಕು, ಕನಿಷ್ಠ ಅರ್ಧ ಗಂಟೆ. ಒಳಗೆ ತೇವ ಉಳಿದರೆ ಎಕ್ಸ್‌ಪ್ಯಾನ್ಷನ್ ವಾಲ್ವ್‌ನಲ್ಲಿ ಮಂಜಾಗಿ ಕಟ್ಟುತ್ತದೆ, ಆಯಿಲ್ ಕೂಡ ಕೆಡುತ್ತದೆ. ಪಂಪ್ ನಿಲ್ಲಿಸಿದ ಮೇಲೆ ಗೇಜಿನ ಮುಳ್ಳು ಮೇಲೇರಿದರೆ ಲೀಕ್ ಇನ್ನೂ ಇದೆ ಎಂದೇ ಲೆಕ್ಕ.

ಗ್ಯಾಸನ್ನು ತೂಕ ಮಾಡಿಯೇ ಹಾಕಿಸಿ. ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಬಾನೆಟ್ ಒಳಗಿನ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ. ಹೆಚ್ಚು ತುಂಬಿಸಿದರೆ ಹೆಚ್ಚು ತಂಪು ಎಂಬುದು ತಪ್ಪು. ಪ್ರೆಶರ್ ಏರಿ ತಂಪು ಕಮ್ಮಿಯೇ ಆಗುತ್ತದೆ. ನಮ್ಮಲ್ಲಿ ಓಡುವ ಹೆಚ್ಚಿನ ಕಾರುಗಳಿಗೆ ಆರ್-134ಎ ಗ್ಯಾಸ್, ಕೆಲವು ಹೊಸ ಕಾರುಗಳಿಗೆ ಆರ್-1234ವೈಎಫ್. ಒಂದರ ಬದಲು ಇನ್ನೊಂದು ಹಾಕಬಾರದು. ಅಗ್ಗ ಎಂದು ಅಡುಗೆ ಗ್ಯಾಸ್ ಬೆರೆಸಿದ್ದನ್ನು ಹಾಕಿಸಿದರೆ ಬೆಂಕಿಯ ಅಪಾಯ ಇದೆ.

ಕಂಪ್ರೆಸರ್ ಜಾಮ್ ಆಗಿ ಲೋಹದ ಪುಡಿ ಹರಡಿದ್ದರೆ ಕಂಪ್ರೆಸರ್ ಒಂದನ್ನೇ ಬದಲಿಸಿ ಉಪಯೋಗವಿಲ್ಲ. ಡ್ರೈಯರ್, ವಾಲ್ವ್ ಬದಲಿಸಿ, ಪೈಪ್ ಫ್ಲಶ್ ಮಾಡಬೇಕು, ಹಲವು ಸಲ ಕಂಡೆನ್ಸರನ್ನೂ ಬದಲಿಸಬೇಕಾಗುತ್ತದೆ. ಇಲ್ಲವಾದರೆ ಹೊಸ ಕಂಪ್ರೆಸರೂ ಅದೇ ದಾರಿ ಹಿಡಿಯುತ್ತದೆ. ತೆಗೆದ ಹಳೇ ಪಾರ್ಟ್ ಕೇಳಿ ತಗೊಳ್ಳಿ. ಬಿಲ್ಲಿನಲ್ಲಿ ಗ್ಯಾಸಿನ ಹೆಸರು, ತೂಕ, ಗ್ಯಾರಂಟಿ ಬರೆಸಿ.

ಎಚ್ಚರಿಕೆ

ಗ್ಯಾಸ್ ಇರುವ ಪೈಪನ್ನು ಮನೆಯಲ್ಲಿ ಬಿಚ್ಚಬೇಡಿ. ಹೊರಬರುವ ಗ್ಯಾಸ್ ಚರ್ಮ, ಕಣ್ಣನ್ನು ಕ್ಷಣದಲ್ಲಿ ಹೆಪ್ಪುಗಟ್ಟಿಸುತ್ತದೆ. ಎಲೆಕ್ಟ್ರಿಕ್, ಹೈಬ್ರಿಡ್ ಕಾರುಗಳ ಎಸಿ ಕಂಪ್ರೆಸರಿಗೆ ಹೈ ವೋಲ್ಟೇಜ್ ಕರೆಂಟ್ ಬರಬಹುದು, ಆ ಕೆಲಸ ಗೊತ್ತಿರುವವರಿಗೇ ಬಿಡಿ. ಇಂಜಿನ್ ಚಾಲು ಇಟ್ಟು, ಗಾಜು ಏರಿಸಿ ಎಸಿಯಲ್ಲಿ ಮಲಗುವುದಂತೂ ಬೇಡವೇ ಬೇಡ. ಸೈಲೆನ್ಸರ್ ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಅದು ಪ್ರಾಣ ತೆಗೆಯುತ್ತದೆ.

ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ. ಸೀಲುಗಳಿಗೆ ಆಯಿಲ್ ಮುಟ್ಟುತ್ತಿರುತ್ತದೆ. ಫೆಬ್ರವರಿಯಲ್ಲೇ ಒಮ್ಮೆ ತೋರಿಸಿಕೊಂಡರೆ ಮೇ ತಿಂಗಳ ಬಿಸಿಲಲ್ಲಿ ಗ್ಯಾರೇಜ್ ಮುಂದೆ ಸಾಲು ನಿಲ್ಲುವುದು ತಪ್ಪುತ್ತದೆ.