ಕೋಚ್ ಬದಲಾದ ದಿನ: ಭಾಂಡುಪ್‌ನಲ್ಲಿ ಕೂತು ನೋಡಿದ ಬೆಂಗಳೂರು ಎಫ್‌ಸಿ

ಇವತ್ತಿನ ಮಾತು ಫುಟ್‌ಬಾಲ್ ಕೋಚ್‌ಗಳದ್ದು. ಅದಕ್ಕಿಂತ ಹೆಚ್ಚಾಗಿ, ಹೊಸ ಕೋಚ್ ಹೆಸರು ಹೊರಬಿದ್ದ ದಿನ ಅಭಿಮಾನಿಗಳಾದ ನಾವು ಏನು ಮಾಡ್ತೀವಿ ಅನ್ನೋದು.

ಮೊದಲು ಎರಡು ತಾರೀಕು ಹೇಳಿಬಿಡ್ತೀನಿ. 2021ರ ಜನವರಿ 5, ಬೆಂಗಳೂರು ಎಫ್‌ಸಿ ಮುಂಬೈ ಸಿಟಿ ಎದುರು 1-3ರಿಂದ ಸೋತಿತು. ಮರುದಿನ ಕೋಚ್ ಕಾರ್ಲೆಸ್ ಕ್ವಾಡ್ರಾಟ್ ಹೊರಗೆ. 2023ರ ಡಿಸೆಂಬರ್ 8, ನಮ್ಮ ಕಂಠೀರವದಲ್ಲೇ ಅದೇ ಮುಂಬೈ ಸಿಟಿ ಎದುರು 0-4. ಮರುದಿನ ಕೋಚ್ ಸೈಮನ್ ಗ್ರೇಸನ್ ಹೊರಗೆ. ಮೂರು ವರ್ಷದೊಳಗೆ ಇಬ್ಬರು ಕೋಚ್‌ಗಳ ಕೊನೆಯ ಪಂದ್ಯ ಒಂದೇ ಎದುರಾಳಿಯ ಮೇಲೆ! ನಾನಿರೋದು ಭಾಂಡುಪ್‌ನಲ್ಲಿ, ಆಫೀಸು ಪೊವಾಯಿ, ಅಕ್ಕಪಕ್ಕದ ಡೆಸ್ಕಿನವರು ಮುಂಬೈ ಸಿಟಿ ಕಡೆಯವರು. ಆ ಎರಡು ವಾರ ಕ್ಯಾಂಟೀನಿನಲ್ಲಿ ನಾನು ಹೇಗೆ ಕೂತಿದ್ದೆ ಅಂತ ನೀವೇ ಊಹಿಸಿ.

ಆದರೆ ಈ "ಕೋಚ್ ಬದಲಾಯಿತು" ಅನ್ನೋ ಸುದ್ದಿಗೆ ಜನ ಕುಣಿಯೋದು, ಅಳೋದು, ಬೈಯೋದು ನಮ್ಮಲ್ಲಿ ಬಹಳ ಹೊಸದು. ಬೆಂಗಳೂರಿನ ತಂಡವೊಂದು ಈ ಮುಂಬೈಗೆ ಬಂದು ಗೆದ್ದ ಕಥೆ ಮಾತ್ರ ಹಳೆಯದು. 1891ರಲ್ಲಿ ಬಾಂಬೆಯಲ್ಲಿ ರೋವರ್ಸ್ ಕಪ್ ಶುರುವಾಯಿತು. ಆಗ ಅದು ಬ್ರಿಟಿಷ್ ಪಲ್ಟನ್‌ಗಳ ಆಟ, ಕಪ್ಪೂ ವರ್ಷ ವರ್ಷ ಅವರದ್ದೇ. 1923ರಲ್ಲಿ ಮೋಹನ್ ಬಾಗಾನ್ ಫೈನಲ್ ತನಕ ಬಂದು ಡರ್ಹಮ್ ಲೈಟ್ ಇನ್‌ಫೆಂಟ್ರಿಗೆ ಸೋತಿತು. ಕೊನೆಗೆ ಆ ಕಪ್ಪನ್ನು ಮೊದಲು ಎತ್ತಿದ ಭಾರತೀಯ ಸಿವಿಲಿಯನ್ ತಂಡ ಯಾವುದು ಗೊತ್ತಾ? ಕಲ್ಕತ್ತಾದ್ದಲ್ಲ, ಬಾಂಬೆಯದ್ದೂ ಅಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್! ಫೈನಲ್‌ನಲ್ಲಿ ಸೋಲಿಸಿದ್ದು ಆ ಕಾಲದ ದೈತ್ಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನ. 1938ರಲ್ಲೂ ಅವರೇ, 1948ರಲ್ಲಿ ಮತ್ತೆ ಅವರೇ. ನಮ್ಮ ದಂಡು ಪ್ರದೇಶದ ಗಲ್ಲಿಗಳಲ್ಲಿ ಆಡಿ ಬೆಳೆದ ಆಟ ಅದು. ಮೈಸೂರು ಸಂಸ್ಥಾನದ ತಂಡ 1946-47ರಲ್ಲಿ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ತಂದಿದ್ದೂ ಇದೇ ದಶಕದಲ್ಲಿ. ಬೆಂಗಳೂರನ್ನ ಬರೀ ಕ್ರಿಕೆಟ್ ಊರು ಅನ್ನೋರಿಗೆ ಈ ತಾರೀಕುಗಳನ್ನ ಹೇಳಿ ನೋಡಿ, ಮುಖ ಹೇಗಾಗುತ್ತೆ ಅಂತ.

ಸರಿ, ಆ 1937ರ ತಂಡದ ಕೋಚ್ ಯಾರು? ಆಗ ಯಾರೂ ಈ ಪ್ರಶ್ನೆ ಕೇಳ್ತಿರಲಿಲ್ಲ. ನಮ್ಮ ಬಿಲ್ಡಿಂಗ್ ಕೆಳಗೆ ಹೋಟೆಲ್ ಇಟ್ಟಿರೋ ಅಣ್ಣ ಒಬ್ಬರಿದ್ದಾರೆ, ಮಂಗಳೂರು ಕಡೆಯವರು, ಹುಡುಗರಾಗಿದ್ದಾಗಲೇ ಬಾಂಬೆಗೆ ಬಂದವರು. ಹಗಲು ಕ್ಯಾಂಟೀನ್ ಕೆಲಸ, ರಾತ್ರಿ ಶಾಲೆ, ರಜೆ ಸಿಕ್ಕಿದ ದಿನ ಕೂಪರೇಜ್ ಮೈದಾನದಲ್ಲಿ ರೋವರ್ಸ್ ಕಪ್. ಅವರು ಹೇಳೋದು: "ಆಗ ಕೋಚ್ ಯಾರಂತ ಯಾರಿಗೆ ಬೇಕಿತ್ತು ಮಾರಾಯ? ಯಾರು ಆಡ್ತಾರೆ ಅಂತ ನೋಡುದು, ಅಷ್ಟೇ." ಅವರು ಹೇಳಿದ್ದು ಸರಿ. ಮಫತ್‌ಲಾಲ್ ಮಿಲ್, ಟಾಟಾ, ಏರ್ ಇಂಡಿಯಾ, ಆ ಕಡೆ ಬೆಂಗಳೂರಲ್ಲಿ ಐಟಿಐ, ಎಚ್‌ಎಎಲ್, ಎಲ್ಲವೂ ಕಂಪನಿ ತಂಡಗಳು. ಕೋಚ್ ಬದಲಾದರೆ ಅದು ಆಫೀಸಿನ ಒಳಗಿನ ವರ್ಗಾವಣೆ ಇದ್ದ ಹಾಗೆ, ನೋಟೀಸ್ ಬೋರ್ಡಿನಲ್ಲಿ ಮುಗಿದುಹೋಗೋ ವಿಷಯ. ಅಂಥ ತಂಡಗಳಿಗೆ ಇನ್ನೊಂದು ಅಪಾಯ ಇತ್ತು, ಕಂಪನಿಗೆ ಬೇಡ ಅನಿಸಿದರೆ ಆಟವೇ ಬಂದ್. 2005-06ರ ರಾಷ್ಟ್ರೀಯ ಲೀಗ್ ಗೆದ್ದ ಮಹೀಂದ್ರಾ ಯುನೈಟೆಡ್ 2010ರಲ್ಲಿ ಮುಚ್ಚಿಹೋಯಿತು. ಅಷ್ಟು ಹೊತ್ತಿಗೆ ರೋವರ್ಸ್ ಕಪ್ ಕೂಡ ನಿಂತು ಹತ್ತು ವರ್ಷದ ಹತ್ತಿರ ಆಗಿತ್ತು.

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರ ಜುಲೈನಲ್ಲಿ. ನಾನಾಗ ಎಂಟೆಕ್ ಮುಗಿಸಿ ಬೆಂಗಳೂರಲ್ಲಿ ಮೊದಲ ಕೆಲಸಕ್ಕೆ ಸೇರಿದ್ದೆ. ಜೆಎಸ್‌ಡಬ್ಲ್ಯೂ ದುಡ್ಡು, ಸುನಿಲ್ ಛೆಟ್ರಿ ನಾಯಕ, ಕೋಚ್ ಆಗಿ ಆಶ್ಲಿ ವೆಸ್ಟ್‌ವುಡ್ ಅನ್ನೋ ಇಂಗ್ಲೆಂಡಿನವರು. ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದವರು, ಬ್ಲ್ಯಾಕ್‌ಬರ್ನ್‌ನಲ್ಲಿ ತರಬೇತಿ ಸಿಬ್ಬಂದಿಯಲ್ಲಿದ್ದವರು, ವಯಸ್ಸು ನಲವತ್ತು ದಾಟಿರಲಿಲ್ಲ. ನಮ್ಮ ರೂಮಿನ ಪ್ರತಿಕ್ರಿಯೆ ಒಂದೇ: "ಯಾರಪ್ಪಾ ಇವ್ರು?" ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಸೆಪ್ಟೆಂಬರ್ 22ರಂದು ಮೋಹನ್ ಬಾಗಾನ್ ಎದುರು ಮೊದಲ ಪಂದ್ಯ 1-1. ಪಶ್ಚಿಮದ ಸ್ಟ್ಯಾಂಡಿನಲ್ಲಿ ನಿಂತು ಕೂಗ್ತಿದ್ದ ಗುಂಪೇ ಆಮೇಲೆ ವೆಸ್ಟ್ ಬ್ಲಾಕ್ ಬ್ಲೂಸ್ ಆಯಿತು. 2014ರ ಏಪ್ರಿಲ್‌ನಲ್ಲಿ ಗೋವಾಕ್ಕೆ ಹೋಗಿ ಡೆಂಪೊವನ್ನು 4-2ರಿಂದ ಸೋಲಿಸಿ, ಮೊದಲ ಸೀಸನ್ನಿನಲ್ಲೇ ಐ-ಲೀಗ್ ಚಾಂಪಿಯನ್! "ಯಾರಪ್ಪಾ ಇವ್ರು" ಅಂದಿದ್ದ ನಾವೇ 2016ರಲ್ಲಿ ಎರಡನೇ ಐ-ಲೀಗ್ ಕೂಡ ಗೆದ್ದುಕೊಟ್ಟು ಅವರು ಹೊರಟಾಗ "ಇನ್ನು ಮುಗೀತು ಬಿಡ್ರೋ" ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ವಿ.

ಮುಗಿಯಲಿಲ್ಲ. 2016ರ ಜುಲೈನಲ್ಲಿ ಆಲ್ಬರ್ಟ್ ರೋಕಾ ಬಂದರು. ಬಾರ್ಸಿಲೋನಾದಲ್ಲಿ ರೈಕಾರ್ಡ್ ಜೊತೆ ಸಹಾಯಕ ಕೋಚ್ ಆಗಿದ್ದವರು. ಈ ಸಲ ಯಾರೂ ಪ್ರಶ್ನೆ ಕೇಳಲಿಲ್ಲ. ರೆಸ್ಯುಮೆಯಲ್ಲಿ ಬಾರ್ಸಿಲೋನಾ ಅಂತಿದ್ದರೆ ಸಾಕು, ಎಲ್ಲರೂ ತಲೆ ಆಡಿಸ್ತಾರೆ. ದೊಡ್ಡ ಕಂಪನಿಯಿಂದ ಬಂದ ಆರ್ಕಿಟೆಕ್ಟನ್ನ ನಮ್ಮ ಟೀಮುಗಳು ಮೊದಲ ವಾರ ನೋಡೋ ಹಾಗೆ. ರೋಕಾ ಆ ಭರವಸೆಗೆ ತಕ್ಕಂತೆ ನಡೆದರು. ಅದೇ ವರ್ಷ ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಹಾಲಿ ಚಾಂಪಿಯನ್, ಮಲೇಷ್ಯಾದ ಜೊಹೋರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಸೋಲಿಸಿ, ಆ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು ನಮ್ಮದು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್ಬಿಗೆ 0-1ರಿಂದ ಸೋತಿತು ಅನ್ನೋದು ಬೇರೆ ಮಾತು. (ಆ ಇರಾಕಿ ತಂಡದ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.)

2018ರಲ್ಲಿ ರೋಕಾ ಹೋದಾಗ ಕ್ಲಬ್ ಅವರ ಸಹಾಯಕ ಕ್ವಾಡ್ರಾಟ್‌ರನ್ನೇ ಮೇಲೆ ತಂದಿತು. ಹೊಸ ಮುಖ ಇಲ್ಲ, ಹೊಸ ಕಥೆ ಇಲ್ಲ. ಕೆಲವರು ಗೊಣಗಿದರು, ದುಡ್ಡು ಉಳಿಸ್ತಿದ್ದಾರೆ ಅಂತ. ಆ ವರ್ಷವೇ ನಾನು ಬೆಂಗಳೂರು ಬಿಟ್ಟು ಇಲ್ಲಿಗೆ ಬಂದಿದ್ದು. 2019ರ ಮಾರ್ಚ್ 17, ಭಾನುವಾರ, ಐಎಸ್‌ಎಲ್ ಫೈನಲ್, ಅದೂ ಅಂಧೇರಿಯಲ್ಲಿ! ಭಾಂಡುಪ್‌ನಿಂದ ಸ್ಲೋ ಲೋಕಲ್ ಹಿಡಿದು ಕಾಂಜುರ್‌ಮಾರ್ಗ್, ವಿಕ್ರೋಲಿ, ಘಾಟ್‌ಕೋಪರ್. ಅಲ್ಲಿ ಮೆಟ್ರೋ ಹತ್ತಿ ಆಜಾದ್ ನಗರ. ಮೆಟ್ರೋದಲ್ಲಿ ನೀಲಿ ಜೆರ್ಸಿ ಹಾಕಿದ ಒಂದು ಗುಂಪು ಕನ್ನಡದಲ್ಲಿ ಜಗಳ ಆಡ್ತಿತ್ತು. ಹುಬ್ಬಳ್ಳಿಯವರು, ದಾವಣಗೆರೆಯವರು, ಎಲ್ಲರೂ ನಮ್ಮ ಹಾಗೆ ಕೆಲಸಕ್ಕೆ ಬಂದವರು. ಜಗಳ ಏನಪ್ಪಾ ಅಂದ್ರೆ, ಎದುರಾಳಿ ಗೋವಾದ ಕೋಚ್ ಸೆರ್ಜಿಯೊ ಲೊಬೇರಾ ನಮಗೆ ಸಿಕ್ಕಿದ್ದರೆ ಚೆನ್ನಾಗಿರ್ತಿತ್ತಾ ಇಲ್ವಾ ಅಂತ. ಫೈನಲ್‌ಗೆ ಹೋಗೋ ದಾರಿಯಲ್ಲಿ, ಟೇಬಲ್‌ನಲ್ಲಿ ಮೊದಲನೇ ಸ್ಥಾನಕ್ಕೆ ತಂದು ನಿಲ್ಲಿಸಿದ ಕೋಚ್ ಇರುವಾಗ! ಹೆಚ್ಚುವರಿ ಸಮಯದ 117ನೇ ನಿಮಿಷದಲ್ಲಿ ಕಾರ್ನರ್ ಬಂತು, ರಾಹುಲ್ ಭೆಕೆ ತಲೆ ಕೊಟ್ಟರು, 1-0. ಭೆಕೆ ಮುಂಬೈ ಹುಡುಗ. ಮುಂಬೈಯಲ್ಲಿ, ಮುಂಬೈ ಹುಡುಗನ ಗೋಲಿನಿಂದ ಬೆಂಗಳೂರಿಗೆ ಕಪ್.

ಅದಾಗಿ ಎರಡು ವರ್ಷ ತುಂಬೋ ಮೊದಲೇ ಕ್ವಾಡ್ರಾಟ್ ಹೊರಗೆ ಹೋದರು. ಕೋವಿಡ್ ಕಾಲ, ಪಂದ್ಯಗಳೆಲ್ಲ ಗೋವಾದಲ್ಲಿ ಖಾಲಿ ಸ್ಟೇಡಿಯಂಗಳಲ್ಲಿ. ಸತತ ಮೂರು ಸೋಲು, ಮೂರನೆಯದು ಮುಂಬೈ ಸಿಟಿಯದ್ದು. ಮುಂಬೈ ಸಿಟಿಯ ಕೋಚ್ ಆಗಿದ್ದು ಯಾರು? ಅದೇ ಲೊಬೇರಾ. ಗೋವಾ ಅವರನ್ನ ಕೈಬಿಟ್ಟ ಮೇಲೆ, ಮ್ಯಾಂಚೆಸ್ಟರ್ ಸಿಟಿಯ ಒಡೆಯರ ದುಡ್ಡಿದ್ದ ಮುಂಬೈ ಅವರನ್ನ ಕರೆದುಕೊಂಡು ಬಂತು. ಫಾಲ್, ಜಾಹು, ಬೂಮು, ಮಂದಾರ್ ರಾವ್ ದೇಸಾಯಿ, ಹಳೆಯ ಟೀಮಿನ ಮುಖ್ಯ ಜನರೆಲ್ಲ ಹಿಂದೆಯೇ ಬಂದರು. ಮ್ಯಾನೇಜರ್ ಕಂಪನಿ ಬದಲಾಯಿಸಿದಾಗ ಅರ್ಧ ಟೀಮ್ ರಾಜೀನಾಮೆ ಕೊಟ್ಟು ಜೊತೆಗೆ ಹೋಗೋದನ್ನ ನೀವೂ ನೋಡಿರ್ತೀರಿ. ಆ ಸೀಸನ್ನಿನಲ್ಲಿ ಮುಂಬೈ ಶೀಲ್ಡನ್ನೂ ಗೆದ್ದಿತು, ಕಪ್ಪನ್ನೂ ಗೆದ್ದಿತು.

ಅವರು ಹೋದ ಮೇಲೆ ಬಂದ ಡೆಸ್ ಬಕಿಂಗ್‌ಹ್ಯಾಮ್ ಬಗ್ಗೆ ನನ್ನ ಮುಂಬೈ ಸಹೋದ್ಯೋಗಿಗಳು 2021ರ ಅಕ್ಟೋಬರ್‌ನಲ್ಲಿ ಕೇಳಿದ್ದೂ "ಕೌನ್ ಹೈ ಯೇ?" ಅಂತಲೇ. ಆರು ತಿಂಗಳು ಕಳೆಯಿತು, 2022ರ ಏಪ್ರಿಲ್ 11ರಂದು ರಿಯಾದ್‌ನಲ್ಲಿ ಮುಂಬೈ ಸಿಟಿ ಎಎಫ್‌ಸಿ ಚಾಂಪಿಯನ್ಸ್ ಲೀಗ್‌ನಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಕ್ಲಬ್ ಆಯಿತು. ಸೋತ ತಂಡ ಇರಾಕಿನ ಏರ್‌ಫೋರ್ಸ್ ಕ್ಲಬ್. ದೋಹಾದಲ್ಲಿ ನಮ್ಮನ್ನ ಅಳಿಸಿದವರೇ! ಆ ರಾತ್ರಿ ನಾನು ಯಾರ ಕಡೆ ಇದ್ದೆ ಅಂತ ಹೇಳೋದಿಲ್ಲ.

ಬೆಂಗಳೂರಿನ ಕಡೆ ಏನಾಯಿತು ಅಂದ್ರೆ, ಕ್ವಾಡ್ರಾಟ್ ಜಾಗಕ್ಕೆ ನೌಷಾದ್ ಮೂಸಾ ತಾತ್ಕಾಲಿಕ, ಆಮೇಲೆ ಜರ್ಮನಿಯ ಮಾರ್ಕೊ ಪೆಝಾಯುವೊಲಿ. ಜರ್ಮನಿಯ 17ರ ಒಳಗಿನವರಿಗೆ ಯುರೋಪ್ ಕಪ್ ಗೆದ್ದುಕೊಟ್ಟವರು, ಬುಂಡೆಸ್‌ಲೀಗಾದಲ್ಲಿ ಹೊಫೆನ್‌ಹೈಮ್ ನಡೆಸಿದವರು. ಕಾಗದದ ಮೇಲೆ ಇವರಷ್ಟು ಗಟ್ಟಿ ಕೋಚ್ ನಮಗೆ ಬಂದಿರಲೇ ಇಲ್ಲ, ಸ್ವಾಗತವೂ ಹಾಗೇ ಇತ್ತು. ಸಿಕ್ಕಿದ್ದು ಆರನೇ ಸ್ಥಾನ. 2022ರ ಜೂನ್‌ನಲ್ಲಿ ಗ್ರೇಸನ್ ಬಂದಾಗ, ಲೀಡ್ಸ್ ಹೆಸರು ಕೇಳಿದ್ದ ನಾಲ್ಕು ಜನ ಬಿಟ್ಟರೆ ಉಳಿದವರು ತಣ್ಣಗಿದ್ದರು. ಅವರು ಮೂರೇ ತಿಂಗಳಲ್ಲಿ ಡ್ಯುರಾಂಡ್ ಕಪ್ ತಂದರು, ಫೈನಲ್‌ನಲ್ಲಿ ಸೋಲಿಸಿದ್ದು ಮುಂಬೈ ಸಿಟಿಯನ್ನ, 2-1. ಲೀಗ್ ಕೆಟ್ಟದಾಗಿ ಶುರುವಾಗಿ ಆಮೇಲೆ ಸತತ ಎಂಟು ಗೆಲುವು. ಸೆಮಿಫೈನಲ್‌ನಲ್ಲಿ ಮತ್ತೆ ಮುಂಬೈ, ಪೆನಾಲ್ಟಿಯಲ್ಲಿ 9-8. ಫೈನಲ್ ಮಾತ್ರ ಪೆನಾಲ್ಟಿಯಲ್ಲೇ ಹೋಯಿತು. ಒಂಬತ್ತು ತಿಂಗಳ ನಂತರ ಅದೇ ಮನುಷ್ಯನಿಗೆ 0-4, ಮರುದಿನ ವಿದಾಯ.

ಈಗ ಈ ಹೆಸರುಗಳನ್ನ ಸಾಲಾಗಿ ಇಟ್ಟು ನೋಡಿ. ನೇಮಕದ ದಿನದ ನಮ್ಮ ಸಂಭ್ರಮಕ್ಕೂ ಆಮೇಲೆ ಬಂದ ಫಲಿತಾಂಶಕ್ಕೂ ಏನಾದರೂ ಸಂಬಂಧ ಇದೆಯಾ? ನನಗಂತೂ ಕಾಣೋದಿಲ್ಲ. ನನ್ನ ಅಂದಾಜು ಏನಂದ್ರೆ, ಆ ದಿನ ನಾವು ಹೊಸಬರನ್ನ ನೋಡ್ತಾನೇ ಇರೋದಿಲ್ಲ, ಹಳಬರ ಮೇಲಿನ ಸಿಟ್ಟನ್ನೋ ದುಃಖವನ್ನೋ ಇಳಿಸಿಕೊಳ್ತಿರ್ತೀವಿ. 2023ರ ಡಿಸೆಂಬರ್‌ನಲ್ಲಿ ಜೆರಾರ್ಡ್ ಸರಗೊಸಾ ಹೆಸರು ಬಂದಾಗ ನಮ್ಮ ಗುಂಪಿನಲ್ಲಿ ಅವರ ಆಟದ ಶೈಲಿ ಬಗ್ಗೆ ಒಂದು ಮಾತೂ ಬರಲಿಲ್ಲ, ಬಂದದ್ದೆಲ್ಲ ಗ್ರೇಸನ್ ಯಾರನ್ನ ಬೆಂಚಿನಲ್ಲಿ ಕೂರಿಸಿದ್ದರು ಅನ್ನೋ ಲೆಕ್ಕ.

ಇನ್ನೊಂದು ಮಾತಿದೆ, ಇದು ನನಗೆ ನಿಜಕ್ಕೂ ಚುಚ್ಚುತ್ತೆ. 2013ರಿಂದ 2023ರವರೆಗೆ ಬೆಂಗಳೂರು ನೇಮಿಸಿದ ಪೂರ್ಣಾವಧಿ ಕೋಚ್‌ಗಳು ಆರು ಜನ: ಮೂವರು ಸ್ಪೇನ್, ಇಬ್ಬರು ಇಂಗ್ಲೆಂಡ್, ಒಬ್ಬರು ಜರ್ಮನಿ. ಮಧ್ಯದಲ್ಲಿ ಬೆಂಕಿ ಹತ್ತಿದಾಗ ಕರೆದದ್ದು ಮಾತ್ರ ಮೂಸಾ, ರೆನೆಡಿ ಸಿಂಗ್. ನಮ್ಮ ಮೇಲೆ ನಾಲ್ಕು ಹೊಡೆದ ದಿನ ಮುಂಬೈ ಬೆಂಚಿನಲ್ಲಿದ್ದದ್ದೂ ಹಾಗೇ ಒಬ್ಬ ತಾತ್ಕಾಲಿಕ ಕೋಚ್, ಆಂಥೊನಿ ಫರ್ನಾಂಡಿಸ್. ಅದೇ ತಿಂಗಳು ಅವರ ಜಾಗಕ್ಕೆ ಪೀಟರ್ ಕ್ರಾಟ್ಕಿ ಬಂದರು. ಕ್ರಾಟ್ಕಿ ಮುಂದಿನ ಮೇ ತಿಂಗಳಲ್ಲಿ ಕೋಲ್ಕತ್ತಾದಲ್ಲಿ ಕಪ್ ಗೆದ್ದರು, ಅವರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಈ ಕಥೆ ನಮಗೆ ಗೊತ್ತಿಲ್ಲದ್ದಾ? ಪ್ರೊಡಕ್ಷನ್ ಬಿದ್ದಾಗ ರಾತ್ರಿಯೆಲ್ಲ ಎದ್ದು ನಿಲ್ಲಿಸೋದು ಇಲ್ಲಿಯ ಲೀಡ್, ಬೆಳಿಗ್ಗೆ ಅವರ ಹೆಸರಿನ ಮುಂದೆ "ಆ್ಯಕ್ಟಿಂಗ್", ತಿಂಗಳ ಕೊನೆಗೆ ಹೊರಗಿಂದ ಒಬ್ಬರು ವಿಮಾನದಲ್ಲಿ ಇಳೀತಾರೆ. ನಾವು ಆಫೀಸಿನಲ್ಲಿ ಇದನ್ನ ಬೈತೀವಿ, ಭಾನುವಾರ ಸ್ಟ್ಯಾಂಡಿನಲ್ಲಿ ನಿಂತು "ಯುರೋಪಿಂದ ಯಾರನ್ನಾದ್ರೂ ತನ್ನಿ" ಅಂತ ಕೂಗ್ತೀವಿ. ಖಾಲಿದ್ ಜಮೀಲ್ ಇದೇ ಮುಂಬೈಯಲ್ಲಿ, ಕೂಪರೇಜ್‌ನ ಸಣ್ಣ ಗ್ಯಾಲರಿಗಳ ಮುಂದೆ, ದುಡ್ಡಿಲ್ಲದ ಮುಂಬೈ ಎಫ್‌ಸಿಯನ್ನ ಏಳು ವರ್ಷ ಐ-ಲೀಗ್‌ನಿಂದ ಕೆಳಗೆ ಬೀಳದ ಹಾಗೆ ಹಿಡಿದಿಟ್ಟರು. ಅವರು ಬಿಟ್ಟ ಮರುವರ್ಷವೇ ಮುಂಬೈ ಎಫ್‌ಸಿ ಕೆಳಗೆ ಬಿತ್ತು, ಅದೇ 2017ರಲ್ಲಿ ಅವರು ಐಜ್ವಾಲ್‌ಗೆ ಐ-ಲೀಗ್ ಗೆದ್ದುಕೊಟ್ಟರು. ಭಾರತ ತಂಡ ಅವರ ಕೈಗೆ ಬಂದದ್ದು 2025ರ ಆಗಸ್ಟ್‌ನಲ್ಲಿ.

ಸರಗೊಸಾ ಕಥೆ ಹೇಳದೆ ಬಿಟ್ಟರೆ ಕಾಂಜುರ್‌ಮಾರ್ಗ್‌ನ ನಮ್ಮ ಗೆಳೆಯರು ನನ್ನ ಬಿಡೋದಿಲ್ಲ. ಅವರ ಮೊದಲ ಸೀಸನ್ ಕೊನೆಗೆ ನಾವು ಹತ್ತನೇ ಸ್ಥಾನದಲ್ಲಿದ್ವಿ. ಕಿತ್ತುಹಾಕಿ ಅಂದವರು ಬಹಳ ಜನ, ಆದರೆ ಈ ಸಲ ಕ್ಲಬ್ ಕಾಯಿತು. 2025ರ ಮಾರ್ಚ್ 29, ಕಂಠೀರವ, ನಾಕೌಟ್ ಪಂದ್ಯ, ಎದುರಾಳಿ ಮುಂಬೈ ಸಿಟಿ, ಬೆಂಚಿನಲ್ಲಿ ಕ್ರಾಟ್ಕಿ. 5-0. ಸೋಮವಾರ ನಾನು ಆಫೀಸಿಗೆ ಅರ್ಧ ಗಂಟೆ ಮೊದಲೇ ಹೋದೆ.