ರೂಬೋ ಕೆಲಸದ ಮೇಜು
ಫ್ರಾನ್ಸ್, 18ನೇ ಶತಮಾನ

ಪ್ಯಾರಿಸ್ಸಿನ ಆಂದ್ರೆ-ಜಾಕೋಬ್ ರೂಬೋ (1739–1791) ಬಡಗಿ ಮನೆತನದವನು, ಸ್ವತಃ ಬಡಗಿ. ‘ಲಾರ್ ದ್ಯು ಮೆನ್ಯುಯಿಝಿಯೆ’ ಎಂಬ ಅವನ ಬೃಹತ್ ಗ್ರಂಥ 1769ರಿಂದ ಸಂಪುಟ ಸಂಪುಟವಾಗಿ ಹೊರಬಂತು. ಚಿತ್ರಗಳನ್ನೂ ಅವನೇ ಬರೆದ. ಕಸುಬನ್ನು ಕೈಯಿಂದ ಬಲ್ಲವನೇ ಬರೆದದ್ದರಿಂದಲೇ ಈ ಗ್ರಂಥ ಇಂದಿಗೂ ಬಡಗಿಗಳ ಕೈಯಲ್ಲಿದೆ. ಅದರ 11ನೇ ಚಿತ್ರಫಲಕದಲ್ಲಿರುವುದು ಈ ಬಗೆಯ ಮೇಜು.

ಮೇಲ್ಹಲಗೆ ಬೀಚ್ ಅಥವಾ ಎಲ್ಮ್ ಮರದ ಒಂದೇ ತುಂಡು, 5–6 ಇಂಚು ದಪ್ಪ. ಓಕ್ ಮರದ ಕಾಲುಗಳ ತುದಿಯನ್ನು ನಾಲಗೆಯ ಹಾಗೆ ಕೆತ್ತಿ, ಹಲಗೆಯ ಆರುಪಾರು ತೂತಿನಲ್ಲಿ ಕೂರಿಸಲಾಗುತ್ತದೆ. ಮುಂಗಾಲುಗಳು ಹಲಗೆಯ ಅಂಚಿಗೆ ಸಮವಾಗಿರುವುದನ್ನು ಗಮನಿಸಿ. ಉದ್ದನೆಯ ಹಲಗೆಯೊಂದನ್ನು ಪಕ್ಕಕ್ಕೆ ಒತ್ತಿ ನಿಲ್ಲಿಸಿದರೆ ಅದರ ಅಂಚನ್ನು ಹತ್ತರಿ ಹಿಡಿಯಬಹುದು. ಮೇಜಿನ ಭಾರವೇ ಅದರ ಬಲ: ಜೋರಾಗಿ ಹತ್ತರಿ ತಳ್ಳಿದರೂ ಅಲುಗದು.

ಎಡತುದಿಯಲ್ಲಿ ಮರದ ಚೌಕ ಗೂಟ, ಅದಕ್ಕೆ ಕಬ್ಬಿಣದ ಹಲ್ಲು. ಹತ್ತರಿ ಹಿಡಿಯುವಾಗ ಮರ ಮುಂದೆ ಜಾರದಂತೆ ಇದು ತಡೆಯುತ್ತದೆ. ಎಲ್ಲಕ್ಕಿಂತ ಜಾಣ ಸಾಧನ ಆ ಬಾಗಿದ ಕಬ್ಬಿಣದ ಕೊಕ್ಕೆ. ಅದರಲ್ಲಿ ತಿರುಪಿಲ್ಲ, ಬೆಣೆಯಿಲ್ಲ. ಮೇಜಿನ ತೂತಿಗೆ ಇಳಿಸಿ ನೆತ್ತಿಗೆ ಒಂದು ಪೆಟ್ಟು ಕೊಟ್ಟರೆ ಕಂಬಿ ಓರೆಯಾಗಿ ಕಚ್ಚಿಕೊಂಡು ಮರವನ್ನು ಅದುಮುತ್ತದೆ. ಹಿಂಬದಿಗೆ ಹೊಡೆದರೆ ಬಿಡುತ್ತದೆ.