ಹನ್ನೊಂದು ಮಂದಿಯ ಜಾಗ: ಕೊಡಗಿನ ಹಾಕಿಯಲ್ಲಿ ಆಟಗಾರರ ಸ್ಥಾನಗಳು

ಹಾಕಿ ಪಂದ್ಯ ಶುರುವಾಗುವಾಗ ಮೈದಾನಕ್ಕಿಳಿಯುವವರು ಪ್ರತಿ ತಂಡದಿಂದ ಹನ್ನೊಂದು ಮಂದಿ. ಅವರು ನಿಲ್ಲುವ ಕ್ರಮಕ್ಕೆ ಬಹುಕಾಲ ಒಂದೇ ಕಟ್ಟು ಇತ್ತು: ಗೋಲ್‌ಕೀಪರ್, ಇಬ್ಬರು ಫುಲ್ ಬ್ಯಾಕ್, ಮೂವರು ಹಾಫ್, ಮುಂದೆ ಐವರು ಫಾರ್ವರ್ಡ್. ಹುಣಸೂರಿನಿಂದ ಆನೆಚೌಕೂರು ಗೇಟು ದಾಟಿ ತಿತಿಮತಿಯ ಮೂಲಕ ಹೋದರೆ ಕೊಡಗಿನ ಗೋಣಿಕೊಪ್ಪ, ಪೊನ್ನಂಪೇಟೆ, ವಿರಾಜಪೇಟೆಗಳ ಸೀಮೆ ಸಿಗುತ್ತದೆ. ಕರ್ನಾಟಕದ ಹಾಕಿಗೆ ಇದು ತವರು. ಇಲ್ಲಿ ರೈಟ್ ಔಟ್, ಲೆಫ್ಟ್ ಇನ್, ಸೆಂಟರ್ ಹಾಫ್ ಎಂಬ ಮಾತುಗಳು ಅನುವಾದದ ಹಂಗಿಲ್ಲದೆ ಮನೆಮಾತಿನಲ್ಲಿ ಬೆರೆತಿವೆ.

ಈ ಹೆಸರುಗಳ ಹಿಂದೆ ಕೋಲಿನ ಒಂದು ಗುಣವಿದೆ. ಹಾಕಿ ಕೋಲಿನ ಒಂದು ಮೈ ಮಾತ್ರ ಚಪ್ಪಟೆ; ಚೆಂಡನ್ನು ಆ ಮೈಯಿಂದಲೇ ಹೊಡೆಯಬೇಕು. ಎಡಗೈಯವರಿಗೂ ಬೇರೆ ಕೋಲಿಲ್ಲ. ಆದ್ದರಿಂದ ಬಲಬದಿಯಲ್ಲಿ ಓಡುವ ರೈಟ್ ಔಟ್, ಓಟ ನಿಲ್ಲಿಸದೆಯೇ ಚೆಂಡನ್ನು ಎಡಕ್ಕೆ, ಗೋಲಿನ ಮುಂದಕ್ಕೆ ಹೊಡೆದು ಕಳಿಸಬಲ್ಲ. ಲೆಫ್ಟ್ ಔಟ್ ಅದೇ ಕೆಲಸಕ್ಕೆ ಚೆಂಡನ್ನು ಸುತ್ತಿ ಮೈ ತಿರುಗಿಸಬೇಕು, ಇಲ್ಲವೇ ಕೋಲನ್ನೇ ಮಗುಚಿ ಹಿಡಿಯಬೇಕು. ನೋಡಲು ಎರಡೂ ಒಂದೇ ಬಗೆಯ ಜಾಗಗಳು, ಆದರೆ ಎಡಬದಿಯ ಕೆಲಸ ಹೆಚ್ಚು ಕಠಿಣ.

ಕೊಡಗಿನ ಮೊಳ್ಳೇರ ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ ಈ ಹಳೆಯ ಕಟ್ಟಿನಲ್ಲೇ ಬೆಳೆದ ಫಾರ್ವರ್ಡ್‌ಗಳು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿ ಇಬ್ಬರೂ ಇದ್ದರು. 1973ರ ವಿಶ್ವಕಪ್‌ನಲ್ಲಿ ಗಣೇಶ್ ನಾಯಕತ್ವದ ಭಾರತ ಬೆಳ್ಳಿ ಪಡೆಯಿತು. ಗೋವಿಂದ ಅವರು 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲೂ ಆಡಿದರು, ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಏಳನೇ ಸ್ಥಾನಕ್ಕೆ ಕುಸಿದ ತಂಡದಲ್ಲೂ ಆಡಿದರು.

ಈ ಎರಡು ವರ್ಷಗಳ ನಡುವೆ ಬದಲಾದದ್ದು ನೆಲ. ಒಲಿಂಪಿಕ್ಸ್ ಹಾಕಿ ಕೃತಕ ಹಾಸಿನ ಮೇಲೆ ನಡೆದದ್ದು 1976ರಲ್ಲೇ ಮೊದಲು. ಹುಲ್ಲಿನ ಮೇಲೆ ಚೆಂಡು ಪುಟಿಯುವ ಬಗೆ ಊಹೆಗೆ ಸಿಗದು. ಅದನ್ನು ಹತೋಟಿಗೆ ತರುವ ಕೈಚಳಕವೇ ಫಾರ್ವರ್ಡ್‌ಗಳ ಬಂಡವಾಳವಾಗಿತ್ತು. ಹಾಸಿನ ಮೇಲೆ ಚೆಂಡು ನೇರವಾಗಿ, ಬಿರುಸಾಗಿ ಬರುತ್ತದೆ. ಅಲ್ಲಿ ಓಟಕ್ಕೂ ದಮ್ಮಿಗೂ ಬೆಲೆ. ಐವರನ್ನು ಮುಂದೆ ನಿಲ್ಲಿಸಿದರೆ ಮಧ್ಯಭಾಗ ಬರಿದಾಗುತ್ತಿತ್ತು. ಹೀಗೆ ಫಾರ್ವರ್ಡ್ ಸಾಲಿನ ರೈಟ್ ಇನ್, ಲೆಫ್ಟ್ ಇನ್ ಹಿಂದೆ ಸರಿದು ಹಾಫ್‌ಗಳ ಜೊತೆ ಸೇರತೊಡಗಿದರು. 1980ರ ಮಾಸ್ಕೋ ಚಿನ್ನದ ತಂಡದಲ್ಲಿ ಆಡಿ, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರಾದ ಎಂ.ಎಂ. ಸೋಮಯ್ಯ ಹಾಫ್ ಸಾಲಿನವರು. ಗೋಲಿನಲ್ಲಿ ಎ.ಬಿ. ಸುಬ್ಬಯ್ಯ 1990ರ ದಶಕದಲ್ಲಿ ಭಾರತಕ್ಕೆ ಆಡಿದರು.

ನಿಯಮಗಳೂ ಹಳೆಯ ಕಟ್ಟನ್ನು ಸಡಿಲಿಸಿದವು. 1992ರ ಹೊತ್ತಿಗೆ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸುವ ಅವಕಾಶ ಬಂತು. ಮೊದಲ ಹನ್ನೊಂದರಲ್ಲಿ ಹೆಸರಿಲ್ಲದವನೂ ಕೆಲವೇ ನಿಮಿಷಗಳಲ್ಲಿ ಒಳಗಿರುತ್ತಾನೆ. 1998ರಲ್ಲಿ ಆಫ್‌ಸೈಡ್ ನಿಯಮ ಶಾಶ್ವತವಾಗಿ ಹೋಯಿತು. ಫಾರ್ವರ್ಡ್ ಎದುರಾಳಿಯ ಗೋಲಿನ ಬಳಿಯೇ ಕಾದು ನಿಲ್ಲಬಹುದಾಯಿತು, ರಕ್ಷಣೆಯ ಸಾಲು ಹರಡಿಕೊಳ್ಳಬೇಕಾಯಿತು. ಹಿಂದೆ ಚೆಂಡನ್ನು ದೂರ ತಳ್ಳುವುದೇ ಮುಖ್ಯ ಕೆಲಸವಾಗಿದ್ದ ಫುಲ್ ಬ್ಯಾಕ್, ಚೆಂಡನ್ನು ಕೋಲಿನಿಂದ ಎಳೆದು ಚಿಮ್ಮಿಸುವ ಡ್ರ್ಯಾಗ್ ಫ್ಲಿಕ್ ಕಲಿತು ಪೆನಾಲ್ಟಿ ಕಾರ್ನರ್‌ಗಳಲ್ಲಿ ಗೋಲು ಗಳಿಸುವವನಾದ. ವಿ.ಆರ್. ರಘುನಾಥ್ ಇದಕ್ಕೆ ಒಳ್ಳೆಯ ನಿದರ್ಶನ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅವರ ಜೊತೆ ಎಸ್.ಕೆ. ಉತ್ತಪ್ಪ, ಎಸ್.ವಿ. ಸುನಿಲ್, ನಿಕಿನ್ ತಿಮ್ಮಯ್ಯ ಇದ್ದರು. 16 ಮಂದಿಯ ತಂಡದಲ್ಲಿ ಒಂದೇ ಜಿಲ್ಲೆಯ ನಾಲ್ವರು!

ಕೊಡವ ಕೌಟುಂಬಿಕ ಹಾಕಿಯ ಲೆಕ್ಕ ಬೇರೆ. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡ ಗ್ರಾಮದಲ್ಲಿ ಈ ಉತ್ಸವ ಆರಂಭಿಸಿದಾಗ ಪಾಲ್ಗೊಂಡ ಕುಟುಂಬಗಳು 60. 2024ರಲ್ಲಿ ಇದೇ ಉತ್ಸವ ಕುಂಡ್ಯೋಳಂಡ ಕಪ್ ಹೆಸರಿನಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ತಂಡಗಳು ಬಂದವು. ವಯಸ್ಸಿನ, ಗಂಡು ಹೆಣ್ಣಿನ ಕಟ್ಟುಪಾಡಿಲ್ಲ. ತಾತನೂ ಮೊಮ್ಮಗಳೂ ಒಂದೇ ಜರ್ಸಿ ತೊಡಬಹುದು. ಆಡುವವರು ಮಾತ್ರ ಒಂದೇ ಒಕ್ಕದವರು, ಅಂದರೆ ಒಂದೇ ಮನೆತನದವರು ಆಗಿರಬೇಕು. ದೇಶದ ತಂಡಕ್ಕೆ ಆಯ್ಕೆಗಾರರು ಜಾಗಕ್ಕೆ ತಕ್ಕ ಆಟಗಾರನನ್ನು ಹುಡುಕುತ್ತಾರೆ. ಇಲ್ಲಿ ಇರುವ ನೆಂಟರಿಗೆ ತಕ್ಕಂತೆ ಜಾಗ ಹೊಂದಿಸಬೇಕು. ಈ ಕ್ರೀಡೋತ್ಸವದ ನಿಜವಾದ ಚೆಲುವು ಇರುವುದು ಈ ಹೊಂದಾಣಿಕೆಯಲ್ಲೇ. ಒಕ್ಕದಲ್ಲಿ ಪಳಗಿದ ಗೋಲ್‌ಕೀಪರ್ ಇಲ್ಲವೆಂದರೆ ಹೊರಗಿನಿಂದ ಕರೆತರುವಂತಿಲ್ಲ. ಇರುವವರಲ್ಲೇ ಒಬ್ಬರು ಕಾಲಿಗೆ ಪ್ಯಾಡ್ ಕಟ್ಟಿಕೊಂಡು ಗೋಲಿನಲ್ಲಿ ನಿಲ್ಲಬೇಕು.